“ಎಲ್ಲಾ ಸೇರಿ” ಅಂದಿದ್ದರು, ಈಗ ಬಿಲ್ ದುಪ್ಪಟ್ಟು: ಹಿರಿಯರ ನಿವಾಸದ ಹೆಚ್ಚುವರಿ ಆರೈಕೆಗೆ ಹಣ ಹೊಂದಿಸುವುದು ಹೇಗೆ?

ಪ್ರಶ್ನೆ: ನಮ್ಮದು ಹೊಸನಗರ ತಾಲೂಕು. ಅಮ್ಮನಿಗೆ ಈಗ 79. ಅಪ್ಪ ಅಂಚೆ ಇಲಾಖೆಯಿಂದ ನಿವೃತ್ತರಾದವರು, ತೀರಿಕೊಂಡು ಆರು ವರ್ಷವಾಯಿತು. ಊರಿನ ಮನೆಯಲ್ಲಿ ಅಮ್ಮ ಒಬ್ಬಳೇ ಇರುವುದು ಕಷ್ಟವೆಂದು ಎರಡು ವರ್ಷದ ಹಿಂದೆ ಶಿವಮೊಗ್ಗದ ಖಾಸಗಿ ಹಿರಿಯರ ನಿವಾಸಕ್ಕೆ ಸೇರಿಸಿದೆವು. ಆಗ ತಿಂಗಳಿಗೆ 24,000 ರೂ., ಠೇವಣಿ 3 ಲಕ್ಷ. “ಊಟ, ತಿಂಡಿ, ನರ್ಸ್ ಎಲ್ಲಾ ಸೇರಿ” ಅಂದಿದ್ದರು. ಕಳೆದ ಮಳೆಗಾಲದಲ್ಲಿ ಅಮ್ಮ ಬಾತ್‌ರೂಮಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ನಿವಾಸಕ್ಕೆ ವಾಪಸ್ ಬಂದ ಮೇಲೆ ಒಂದು ತಿಂಗಳ ಬಿಲ್ 48,500 ರೂ. ಕೊಠಡಿ ಮತ್ತು ಊಟ 26,400, ವಿಶೇಷ ಆರೈಕೆ 8,000, ಡಯಾಪರ್ 3,900, ಫಿಸಿಯೋಥೆರಪಿ 4,800, ಔಷಧ 2,700, ಪಥ್ಯದ ಊಟ 1,500, ಆಸ್ಪತ್ರೆಗೆ ಕರೆದೊಯ್ದ ಖರ್ಚು 1,200. ಅಮ್ಮನ ಕುಟುಂಬ ಪಿಂಚಣಿ 17,000. ಬ್ಯಾಂಕಿನಲ್ಲಿ 20 ಲಕ್ಷ ಎಫ್‌ಡಿ ಇದೆ, ತಿಂಗಳಿಗೆ ಸುಮಾರು 11,000 ಬಡ್ಡಿ. ಬೆಂಗಳೂರಿನಲ್ಲಿರುವ ತಮ್ಮ 5,000 ಕಳಿಸುತ್ತಾನೆ. ಅಮ್ಮನ ಹೆಸರಿನಲ್ಲಿ ಒಂದೂವರೆ ಎಕರೆ ಅಡಿಕೆ ತೋಟವಿದೆ. ಅದನ್ನು ಮಾರಬೇಕೇ? ತಮ್ಮ ಹೇಳುವಂತೆ ಅವನ ಹೆಸರಿಗೆ ದಾನಪತ್ರ ಮಾಡಿ, ಖರ್ಚೆಲ್ಲ ಅವನೇ ನೋಡಿಕೊಳ್ಳುವುದು ಸರಿಯೇ? ನಿವಾಸದವರು ನಮ್ಮನ್ನು ಸುಲಿಯುತ್ತಿದ್ದಾರಾ? ವಿಮೆಯಲ್ಲಿ ಇದೆಲ್ಲ ಸಿಗುತ್ತದಾ? ಊರಿಗೇ ಕರೆತಂದುಬಿಡೋಣವೇ? ಇದನ್ನೆಲ್ಲ ಅಮ್ಮನಿಗೆ ಹೇಳಬೇಕೋ ಬೇಡವೋ ಅದೂ ಗೊತ್ತಾಗುತ್ತಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಬಿಲ್ಲನ್ನು ಬಿಡಿಬಿಡಿಯಾಗಿ ಬರೆದಿದ್ದೀರಿ. ಅರ್ಧ ಕೆಲಸ ಅಲ್ಲೇ ಆಗಿದೆ. ಬಹಳ ಮನೆಗಳಲ್ಲಿ ಒಟ್ಟು ಮೊತ್ತ ನೋಡಿ ಎದೆ ಒಡೆದುಕೊಳ್ಳುತ್ತಾರೆ, ಒಳಗಿನ ಸಾಲುಗಳನ್ನು ಓದುವುದೇ ಇಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡಿ, ಆಮೇಲೆ ಈ ಭಾಗದ ಕುಟುಂಬಗಳಿಗೆ ಹಿರಿಯರ ಆರೈಕೆಯ ಲೆಕ್ಕಾಚಾರ ಮಾಡಿಕೊಡುತ್ತಾ ಬಂದವಳಾಗಿ ಹೇಳುತ್ತೇನೆ: ನಿಮ್ಮ ಪರಿಸ್ಥಿತಿ ಬಿಗಿಯಾಗಿದೆ, ಕೈಮೀರಿಲ್ಲ. ಆದರೆ ಈಗಿನ ಬಿಲ್ಲಿಗಿಂತ ಮುಂದಿನ ಹಂತದ ಬಿಲ್ ಎಷ್ಟಾಗಬಹುದು ಎಂಬುದನ್ನು ನೀವಿನ್ನೂ ಕೇಳಿಲ್ಲ. ನಿಜವಾದ ಅಪಾಯ ಇರುವುದು ಅಲ್ಲಿ.

ಮೊದಲು ಸುಲಿಗೆಯ ಮಾತು. ಕೊಠಡಿ ಮತ್ತು ಊಟದ ದರ ಎರಡು ವರ್ಷದಲ್ಲಿ 24,000ದಿಂದ 26,400ಕ್ಕೆ ಏರಿದೆ. ಶೇ 10. ಅಕ್ಕಿ, ಗ್ಯಾಸ್, ಸಂಬಳ ಏರಿದ್ದನ್ನು ನೋಡಿದರೆ ಇದು ಹೆಚ್ಚೇನಲ್ಲ. ಬಿಲ್ ದುಪ್ಪಟ್ಟಾಗಿರುವುದು ಉಳಿದ 22,100 ರೂಪಾಯಿಯಿಂದ. ಅದರಲ್ಲಿ ಅಮ್ಮ ಬೀಳುವ ಮೊದಲೂ ಇದ್ದದ್ದು ಬಹುಶಃ ಔಷಧದ ಒಂದು ಭಾಗ ಮಾತ್ರ.

“ಎಲ್ಲಾ ಸೇರಿ” ಎಂಬ ಮಾತು ಎಲ್ಲ ಕಡೆಯೂ ಕೇಳುತ್ತದೆ, ಎಲ್ಲ ಕಡೆಯೂ ಗಲಾಟೆ ತರುತ್ತದೆ. ತಾನೇ ಎದ್ದು, ಸ್ನಾನ ಮಾಡಿ, ಊಟದ ಹಾಲ್‌ಗೆ ನಡೆದು ಬರುವ ಹಿರಿಯರಿಗೆ ಬೇಕಾದದ್ದೆಲ್ಲ ಸೇರಿ ಎಂಬುದು ಅದರ ಅರ್ಥ. ಮಾತ್ರೆ ಕೊಡಲು, ಬಿಪಿ ನೋಡಲು ನರ್ಸ್ ಇರುತ್ತಾರೆ. ಒಬ್ಬರನ್ನೇ ಹಿಡಿದು ನಡೆಸಲು, ಮೀಯಿಸಲು, ರಾತ್ರಿ ಶೌಚಕ್ಕೆ ಎಬ್ಬಿಸಲು ಬೇಕಾದ ಕೈಗಳು ಆ ದರದಲ್ಲಿ ಇರುವುದಿಲ್ಲ. ಸೇರಿಸುವಾಗ ಅವರು ಇದನ್ನು ಬಿಡಿಸಿ ಹೇಳಬೇಕಿತ್ತು. ಹೇಳದೇ ಇದ್ದದ್ದು ಅವರ ತಪ್ಪೇ. ಆದರೆ ಖರ್ಚು ಸುಳ್ಳಲ್ಲ.

ಆ ಖರ್ಚು ಎಲ್ಲಿಂದ ಬರುತ್ತದೆ ಎಂಬುದನ್ನು ಹತ್ತಿರದಿಂದ ನೋಡಿ. ವಾರಕ್ಕೆ 168 ಗಂಟೆ. ಒಬ್ಬ ಸಹಾಯಕಿ ವಾರಕ್ಕೆ 48 ಗಂಟೆ ದುಡಿದರೆ, ಹಗಲೂ ರಾತ್ರಿ ಒಬ್ಬರು ಸದಾ ಇರಬೇಕೆಂದರೆ ಮೂರೂವರೆ ಜನ ಬೇಕು. ರಜೆ, ಜ್ವರ, ಊರಹಬ್ಬ ಸೇರಿದರೆ ನಾಲ್ಕು. ಮೂಳೆಯ ಆಪರೇಷನ್ ಆದವರನ್ನು ಹಾಸಿಗೆಯಿಂದ ಕಮೋಡ್ ಕುರ್ಚಿಗೆ ದಾಟಿಸುವಾಗ ಒಬ್ಬರು ಸೊಂಟದ ಬೆಲ್ಟ್ ಹಿಡಿಯಬೇಕು, ಇನ್ನೊಬ್ಬರು ಕಾಲು ಸರಿಯಾದ ದಿಕ್ಕಿನಲ್ಲಿದೆಯೇ ನೋಡಬೇಕು, ವಾಕರ್ ಎದುರಿಗೆ ಇರಬೇಕು. ಹದಿನೈದು ನಿಮಿಷದ ಕೆಲಸ, ದಿನಕ್ಕೆ ಆರೇಳು ಸಲ. ಪೂರ್ತಿ ಹಾಸಿಗೆ ಹಿಡಿದವರಾದರೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿ ಎರಡಕ್ಕೂ, ನಾಲ್ಕಕ್ಕೂ. ತಪ್ಪಿದರೆ ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಆ ಹುಣ್ಣು ಮಾಯಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಡ್ರೆಸ್ಸಿಂಗ್ ಖರ್ಚು ಬೇರೆ.

ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ. ಅಡಿಕೆ ಕೊಯ್ಲು, ಸುಲಿಯುವ ಕಾಲ ಬಂತೆಂದರೆ ಆರೈಕೆಯ ಕೆಲಸಕ್ಕೆ ಹಳ್ಳಿಗಳಿಂದ ಬರುವ ಹೆಂಗಸರು ಆ ಕಡೆ ಹೋಗುತ್ತಾರೆ. ಕೂಲಿ ಚೆನ್ನಾಗಿರುತ್ತದೆ, ಮನೆ ಹತ್ತಿರವಿರುತ್ತದೆ, ರಾತ್ರಿ ಪಾಳಿ ಇರುವುದಿಲ್ಲ. ತರಬೇತಿ ಪಡೆದ ನರ್ಸ್‌ಗಳು ಬೆಂಗಳೂರು, ಮಂಗಳೂರಿಗೆ ಹೋಗಿಬಿಡುತ್ತಾರೆ. ಆದ್ದರಿಂದ ಅಕ್ಟೋಬರಿನಿಂದ ಜನವರಿಯ ತನಕ “ಸಹಾಯಕಿ ಸಿಗುತ್ತಿಲ್ಲ, ದರ ಹೆಚ್ಚು ಮಾಡಬೇಕು” ಎಂಬ ಮಾತು ಬಂದರೆ ಅದು ನೆಪವಲ್ಲದಿರಬಹುದು.

ಈಗ ನಿಮ್ಮ ಬಿಲ್ಲನ್ನು ಮೂರು ಗುಂಪು ಮಾಡೋಣ.

ನಿಲ್ಲುವ ಖರ್ಚು: ಫಿಸಿಯೋಥೆರಪಿ ಮತ್ತು ಆಸ್ಪತ್ರೆಯ ಓಡಾಟ, ಒಟ್ಟು 6,000. ಕೆಲವು ತಿಂಗಳಲ್ಲಿ ಇವು ಕಡಿಮೆಯಾಗುತ್ತವೆ. ನಿಲ್ಲದ ಖರ್ಚು: ಕೊಠಡಿ, ಊಟ, ಔಷಧ, ಒಟ್ಟು 29,100. ಪ್ರಶ್ನೆ ಮಾಡಬೇಕಾದ ಖರ್ಚು: ವಿಶೇಷ ಆರೈಕೆ, ಡಯಾಪರ್, ಪಥ್ಯ, ಒಟ್ಟು 13,400.

ಫಿಸಿಯೋಥೆರಪಿಯನ್ನು ಉಳಿತಾಯದ ಹೆಸರಿನಲ್ಲಿ ದಯವಿಟ್ಟು ಮೊಟಕು ಮಾಡಬೇಡಿ. ಕುಟುಂಬಗಳು ಮೊದಲು ಕತ್ತರಿ ಹಾಕುವುದೇ ಅದಕ್ಕೆ. ಸೊಂಟದ ಮೂಳೆಯ ಆಪರೇಷನ್ ಆದ ಮೇಲಿನ ಮೊದಲ ಮೂರು ತಿಂಗಳಲ್ಲಿ ಅಮ್ಮ ವಾಕರ್ ಹಿಡಿದು ಶೌಚಾಲಯದ ತನಕ ಹೋಗುವಂತಾದರೆ ಸಹಾಯಕಿಯ ಖರ್ಚೂ ಇಳಿಯುತ್ತದೆ, ಡಯಾಪರಿನ ಖರ್ಚೂ ಇಳಿಯುತ್ತದೆ. ಹಾಸಿಗೆಯಲ್ಲೇ ಉಳಿದರೆ ಎರಡೂ ಖಾಯಂ. ಜೊತೆಗೆ ಬಿದ್ದದ್ದು ಏಕೆ ಎಂದು ವೈದ್ಯರ ಹತ್ತಿರ ಕೇಳಿಸಿ. ನಿದ್ರೆ ಮಾತ್ರೆ, ಬಿಪಿ ಮಾತ್ರೆಯ ಪ್ರಮಾಣ, ಕಣ್ಣಿನ ಪೊರೆ, ಮೂಳೆಯ ಸವೆತ, ಇವನ್ನೆಲ್ಲ ಒಮ್ಮೆ ನೋಡಿಸುವ ಖರ್ಚು ಇನ್ನೊಂದು ಆಪರೇಷನ್ನಿನ ಮುಂದೆ ಏನೂ ಅಲ್ಲ.

ಡಯಾಪರಿಗೆ 3,900 ಎಂದರೆ ದಿನಕ್ಕೆ 130 ರೂ., ಸುಮಾರು ಮೂರು ಡಯಾಪರ್. ಲೆಕ್ಕ ಸರಿಯಿದೆ. ಆದರೆ ನೀವೇ ಮೆಡಿಕಲ್ ಅಂಗಡಿಯಲ್ಲಿ ಒಟ್ಟಿಗೆ ನಾಲ್ಕಾರು ಪ್ಯಾಕೆಟ್ ತಂದುಕೊಟ್ಟರೆ ಕಡಿಮೆ ಬೀಳುತ್ತದೆ. ಅದಕ್ಕೆ ಅವರು ಒಪ್ಪುತ್ತಾರೆಯೇ ಕೇಳಿ. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಅಮ್ಮನಿಗೆ ಡಯಾಪರ್ ನಿಜವಾಗಿ ಬೇಕೇ? ಆಪರೇಷನ್ ಆದ ಬಳಿಕ ಎದ್ದು ಹೋಗಲು ಆಗದ್ದಕ್ಕೆ ಹಾಕಿದ್ದು ಆಮೇಲೆ ಅಭ್ಯಾಸವಾಗಿ ಉಳಿದುಬಿಡುವುದನ್ನು ಬಹಳ ಕಂಡಿದ್ದೇನೆ. ಮೂತ್ರದ ಸೋಂಕಿದೆಯೇ ಪರೀಕ್ಷಿಸಿ, ಮಂಚದ ಪಕ್ಕ ಕಮೋಡ್ ಕುರ್ಚಿ ಇಡಿಸಿ, ಹಗಲಲ್ಲಿ ಎರಡು ಮೂರು ಗಂಟೆಗೊಮ್ಮೆ ಕರೆದೊಯ್ಯಲು ಹೇಳಿ. ರಾತ್ರಿಗೆ ಮಾತ್ರ ಡಯಾಪರ್ ಸಾಕಾಗಬಹುದು. ಖರ್ಚಿಗಿಂತ ಹೆಚ್ಚಾಗಿ ಅಮ್ಮನ ಮರ್ಯಾದೆಯ ಪ್ರಶ್ನೆ ಇದು.

ಪಥ್ಯಕ್ಕೆ 1,500 ಏಕೆ? ಅದೇ ಅನ್ನವನ್ನು ಮೆತ್ತಗೆ ಮಾಡಿ, ಖಾರ ಕಡಿಮೆ ಮಾಡಿ ಕೊಡುತ್ತಿದ್ದರೆ ಅದಕ್ಕೆ ಬೇರೆ ದರ ಹಾಕುವುದು ನ್ಯಾಯವಲ್ಲ. ಮೊಟ್ಟೆ, ಹಾಲು, ಪ್ರೋಟೀನ್ ಪುಡಿ ಕೊಡುತ್ತಿದ್ದರೆ ಕೊಡಿ, ಮೂಳೆ ಕೂಡಲು ಅದು ಬೇಕು. ವಿಶೇಷ ಆರೈಕೆಯ 8,000 ರೂಪಾಯಿಗೆ ದಿನಚರಿ ಕೇಳಿ: ದಿನಕ್ಕೆ ಎಷ್ಟು ಗಂಟೆ, ಯಾವ ಕೆಲಸ, ಯಾರು ಮಾಡಿದರು. ಒಳ್ಳೆಯ ನಿವಾಸಗಳಲ್ಲಿ ಇದನ್ನು ರಿಜಿಸ್ಟರಿನಲ್ಲಿ ಬರೆದಿಟ್ಟಿರುತ್ತಾರೆ. ಅಮ್ಮ ಸುಧಾರಿಸಿದರೆ ಈ ದರ ಇಳಿಯಬೇಕು. ಏರುವಾಗ ತಾನಾಗಿ ಏರುವ ದರ ಇಳಿಯುವಾಗ ನೀವು ಕೇಳಿದರೆ ಮಾತ್ರ ಇಳಿಯುತ್ತದೆ. ಆದ್ದರಿಂದ ಮೂರು ತಿಂಗಳಿಗೊಮ್ಮೆ ಮರುಪರಿಶೀಲನೆ ಎಂದು ಬರೆಸಿಕೊಳ್ಳಿ.

ಬಜೆಟ್ಟಿಗೆ ಮಾತ್ರ ಇಳಿಕೆಯನ್ನು ನಂಬಬೇಡಿ. ಪ್ರಶ್ನೆ ಮಾಡಬೇಕಾದದ್ದೆಲ್ಲ ಉಳಿಯುತ್ತದೆ ಎಂದೇ ಹಿಡಿಯಿರಿ. ಆಗ ಫಿಸಿಯೋಥೆರಪಿ, ಆಸ್ಪತ್ರೆಯ ಓಡಾಟ ಮುಗಿದ ಮೇಲೆ ತಿಂಗಳಿಗೆ 42,500. ವರ್ಷಕ್ಕೆ ಶೇ 8 ಏರಿಕೆ ಹಾಕಿದರೆ ಮುಂದಿನ ವರ್ಷ 45,900, ಅದರಾಚೆ 49,500ರ ಸುಮಾರು, ಐದನೇ ವರ್ಷಕ್ಕೆ 57,800. ಇದು ಅಮ್ಮನ ಆರೋಗ್ಯ ಈಗಿರುವಷ್ಟೇ ಇದ್ದರೆ.

ಇನ್ನು ವಿಮೆ. ಆರೋಗ್ಯ ವಿಮೆ ಮಾಡಿಸಿದರೆ ನಿವಾಸದ ಬಿಲ್ ಸಿಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಸಿಗುವುದಿಲ್ಲ. ವಿಮೆ ಕೊಡುವುದು ಆಸ್ಪತ್ರೆಯಲ್ಲಿ ದಾಖಲಾದ ಚಿಕಿತ್ಸೆಗೆ. ಮೀಯಿಸುವುದು, ಉಣಿಸುವುದು, ನಡೆಸುವುದು, ಡಯಾಪರ್, ಇವು ವಿಮೆಯ ಕಣ್ಣಲ್ಲಿ ಚಿಕಿತ್ಸೆಯಲ್ಲ. 2024ರ ಏಪ್ರಿಲ್‌ನಿಂದ 65 ದಾಟಿದವರಿಗೂ ಹೊಸ ಪಾಲಿಸಿ ಕೊಡಲು ಅಡ್ಡಿಯಿಲ್ಲ. ಆದರೆ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದ ತನಕ ಕಾಯಬೇಕಾಗಬಹುದು, 79ರ ವಯಸ್ಸಿಗೆ ಪ್ರೀಮಿಯಂ ಭಾರವೂ ಇರುತ್ತದೆ. ಆ ಪ್ರೀಮಿಯಂ ಮೊತ್ತವನ್ನು ಅಮ್ಮನ ಆರೈಕೆಯ ನಿಧಿಗೇ ಹಾಕುವುದು ನಿಮ್ಮ ವಿಷಯದಲ್ಲಿ ಮೇಲೆಂದು ನನಗೆ ಅನ್ನಿಸುತ್ತದೆ. ಅಮ್ಮನಿಗೆ ಈಗಾಗಲೇ ಪಾಲಿಸಿ ಇದ್ದರೆ ಮಾತ್ರ ಒಂದು ವಿಷಯ ತಕ್ಷಣ ನೋಡಿ. ಹೆಚ್ಚಿನ ಪಾಲಿಸಿಗಳಲ್ಲಿ ಡಿಸ್ಚಾರ್ಜ್ ಆದ ಮೇಲೆ 60 ಅಥವಾ 90 ದಿನದ ತನಕದ ಔಷಧ, ತಪಾಸಣೆಯ ಖರ್ಚಿಗೆ ಅವಕಾಶವಿರುತ್ತದೆ. ವೈದ್ಯರು ಬರೆದುಕೊಟ್ಟ ಫಿಸಿಯೋಥೆರಪಿಗೂ ಹಲವು ಪಾಲಿಸಿಗಳಲ್ಲಿ ಹಣ ಬರುತ್ತದೆ. ಚೀಟಿ, ರಸೀದಿ ಎತ್ತಿಡಿ.

70 ದಾಟಿದವರಿಗೆ ಆದಾಯ ನೋಡದೆ ಕೊಡುವ ಆಯುಷ್ಮಾನ್ ವಯ ವಂದನ ಕಾರ್ಡನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಆರಂಭಿಸಿತು, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಅದೂ ಒಳರೋಗಿ ಚಿಕಿತ್ಸೆಗೆ ಮಾತ್ರ. ಯಾವ ಚಿಕಿತ್ಸೆಗೆ ಎಲ್ಲಿ ಅನ್ವಯಿಸುತ್ತದೆ ಎಂದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಈ ಯೋಜನೆಯ ಮಾಹಿತಿ ಕೊಡುವ ಆರೋಗ್ಯಮಿತ್ರರನ್ನು ಕೇಳಿ ತಿಳಿದುಕೊಳ್ಳಿ. ನಿಮ್ಮ ತಂದೆ ಕೇಂದ್ರ ಸರ್ಕಾರದ ನೌಕರರಾಗಿದ್ದವರು, ಆದ್ದರಿಂದ ಅಮ್ಮನಿಗೆ ಸಿಜಿಎಚ್‌ಎಸ್, ಅಂದರೆ ಕೇಂದ್ರ ಸರ್ಕಾರದ ನೌಕರರ ಹಾಗೂ ಪಿಂಚಣಿದಾರರ ಆರೋಗ್ಯ ಯೋಜನೆಯ ಕಾರ್ಡ್ ಮಾಡಿಸಿದ್ದೀರಾ ಎಂಬುದನ್ನೂ ನೋಡಿ. ಎರಡಕ್ಕೂ ಅರ್ಹರಾದವರು ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ.

ಈಗ ಆದಾಯದ ಕಡೆ ಬರೋಣ. ಇಲ್ಲಿ ನೀವು ಗಮನಿಸದ ಎರಡು ದಾರಿಗಳಿವೆ.

ಒಂದು, ಪಿಂಚಣಿ. ಕೇಂದ್ರ ಸರ್ಕಾರದ ಕುಟುಂಬ ಪಿಂಚಣಿದಾರರಿಗೆ 80 ತುಂಬುವ ತಿಂಗಳಿನಿಂದ ಮೂಲ ಪಿಂಚಣಿಯ ಮೇಲೆ ಶೇ 20 ಹೆಚ್ಚುವರಿ ಸಿಗುತ್ತದೆ, 85ಕ್ಕೆ ಶೇ 30, 90ಕ್ಕೆ ಶೇ 40. ಅಮ್ಮನಿಗೆ ಬರುವ 17,000ದಲ್ಲಿ ಮೂಲ ಪಿಂಚಣಿ 11,000, ಉಳಿದದ್ದು ತುಟ್ಟಿಭತ್ಯೆ ಎಂದಿಟ್ಟುಕೊಂಡರೆ 2,200 ಸೇರುತ್ತದೆ, ಅದರ ಮೇಲೆ ತುಟ್ಟಿಭತ್ಯೆಯೂ ಬರುತ್ತದೆ, ಒಟ್ಟು 3,000 ಮೀರುತ್ತದೆ. ಇದು ತಾನಾಗಿ ಬರಬೇಕು. ಬಾರದೇ ಹೋಗುವುದು ಪಿಂಚಣಿ ಪಾವತಿ ಆದೇಶದಲ್ಲಿ, ಅಂದರೆ ಪಿಪಿಒದಲ್ಲಿ, ಹೆಂಡತಿಯ ಜನ್ಮದಿನಾಂಕ ನಮೂದಾಗದೇ ಇದ್ದಾಗ. ಹಳೆಯ ಪಿಪಿಒಗಳಲ್ಲಿ ಇದು ಸಾಮಾನ್ಯ. ಮನೆಯಲ್ಲಿರುವ ಪಿಪಿಒ ತೆಗೆದು ಇವತ್ತೇ ನೋಡಿ. ದಿನಾಂಕ ಇಲ್ಲದಿದ್ದರೆ ಆಧಾರ್, ಪ್ಯಾನ್ ಹಿಡಿದು ಪಿಂಚಣಿ ಕೊಡುವ ಕಚೇರಿಯಲ್ಲಿ ಈಗಲೇ ಅರ್ಜಿ ಹಾಕಿ. 80 ತುಂಬಿದ ಮೇಲೆ ಓಡಾಡಿದರೆ ತಿಂಗಳುಗಳು ಕಳೆಯುತ್ತವೆ.

ಎರಡು, ಎಫ್‌ಡಿ. 20 ಲಕ್ಷಕ್ಕೆ ತಿಂಗಳಿಗೆ 11,000 ಎಂದರೆ ಶೇ 6.6ರ ಸುಮಾರು. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರಿಂದ ಶೇ 8.2 ಬಡ್ಡಿ ಸಿಗುತ್ತಿದೆ, ಒಬ್ಬರಿಗೆ 30 ಲಕ್ಷದ ತನಕ ಹಾಕಬಹುದು. ಬಡ್ಡಿ ಮೂರು ತಿಂಗಳಿಗೊಮ್ಮೆ ಖಾತೆಗೆ ಬರುತ್ತದೆ. 20 ಲಕ್ಷವನ್ನೂ ಅಲ್ಲಿಗೆ ಹಾಕಿಬಿಡಿ ಎಂದು ನಾನು ಹೇಳುವುದಿಲ್ಲ. ಐದು ವರ್ಷದ ಯೋಜನೆ ಅದು, ಒಂದು ವರ್ಷದೊಳಗೆ ಮುರಿದರೆ ಬಡ್ಡಿಯೇ ಸಿಗುವುದಿಲ್ಲ, ಎರಡು ವರ್ಷದೊಳಗೆ ಮುರಿದರೆ ಅಸಲಿನಲ್ಲಿ ಶೇ 1.5, ಆಮೇಲೆ ಶೇ 1 ಕಡಿತ. ಎಫ್‌ಡಿಗಳ ಅವಧಿ ಮುಗಿದಂತೆ 15 ಲಕ್ಷವನ್ನು ಅಲ್ಲಿಗೆ ಸರಿಸಿ, 5 ಲಕ್ಷವನ್ನು ಚಿಕ್ಕ ಚಿಕ್ಕ ಎಫ್‌ಡಿಯಾಗಿ ಕೈಗೆಟುಕುವಂತೆ ಇಟ್ಟುಕೊಳ್ಳಿ. 15 ಲಕ್ಷಕ್ಕೆ ಮೂರು ತಿಂಗಳಿಗೆ 30,750, ಅಂದರೆ ತಿಂಗಳಿಗೆ 10,250. 5 ಲಕ್ಷದ ಬಡ್ಡಿ ಸೇರಿ 13,000ದ ಹತ್ತಿರ. ಮೊದಲಿಗಿಂತ 2,000 ಹೆಚ್ಚು, ಕೈಯಲ್ಲಿ ಐದು ಲಕ್ಷ ಸಿದ್ಧ.

ಹಾಗಾದರೆ ಪಿಂಚಣಿ 17,000, ಬಡ್ಡಿ 13,000, ತಮ್ಮನ 5,000, ಒಟ್ಟು 35,000. ಬೇಕಾದದ್ದು 42,500. ಕೊರತೆ 7,500. ಅಮ್ಮನಿಗೆ 80 ತುಂಬಿದ ಮೇಲೆ ಈಗಿನ ದರದಲ್ಲಿ ಅದು 4,500ಕ್ಕೆ ಇಳಿಯುತ್ತದೆ. ವರ್ಷದ ದರ ಏರಿಕೆ ಇದನ್ನು ಮತ್ತೆ ಹಿಗ್ಗಿಸುತ್ತದೆ, ಆದರೂ ತೋಟದ ಫಸಲು ಕೈಕೊಡದಿದ್ದರೆ ತೂಗಿಸಬಹುದಾದ ಅಂತರ.

ತೋಟದ ವಿಷಯದಲ್ಲಿ ಸ್ವಲ್ಪ ನಿಧಾನಿಸಿ ಹೇಳಬೇಕು. ಅಡಿಕೆಯ ಹಣ ವರ್ಷಕ್ಕೊಮ್ಮೆ ಬರುತ್ತದೆ, ನಿವಾಸದ ಬಿಲ್ ತಿಂಗಳಿಗೊಮ್ಮೆ. ಫಸಲು ಮಾರಿದ ಹಣ ಮನೆಯ ಖರ್ಚಿನಲ್ಲಿ ಕರಗುವ ಮುಂಚೆಯೇ ಅಮ್ಮನ ಖಾತೆಗೆ ಹಾಕಿ, ಹನ್ನೆರಡು ಪಾಲು ಮಾಡಿ. ಲೆಕ್ಕಕ್ಕೆ ಒಳ್ಳೆಯ ವರ್ಷವನ್ನು ಹಿಡಿಯಬೇಡಿ. ಕಳೆದ ಐದು ವರ್ಷದಲ್ಲಿ ಖರ್ಚು ಕಳೆದು ಅತಿ ಕಡಿಮೆ ಉಳಿದ ವರ್ಷ ಯಾವುದೋ ಅದನ್ನೇ ಹಿಡಿಯಿರಿ. ಕೊಳೆರೋಗ, ಎಲೆಚುಕ್ಕಿ ರೋಗ ಹಬ್ಬಿದ ವರ್ಷ ಏನಾಗುತ್ತದೆ ಎಂಬುದನ್ನು ಹೊಸನಗರದವರಿಗೆ ನಾನು ಹೇಳಬೇಕಿಲ್ಲ. ನೋಡಿಕೊಳ್ಳುವವರಿಲ್ಲದಿದ್ದರೆ ಫಸಲನ್ನು ಚೇಣಿಗೆ, ಅಂದರೆ ಮರದ ಮೇಲಿನ ಬೆಳೆಯನ್ನಷ್ಟೇ ಗುತ್ತಿಗೆಗೆ ಕೊಡಿ, ಮುಂಗಡವನ್ನು ಅಮ್ಮನ ಖಾತೆಗೇ ಹಾಕಿಸಿ. ಜಮೀನನ್ನೇ ಗೇಣಿಗೆ ಕೊಡುವ ಮಾತು ಬೇಡ, ಕರ್ನಾಟಕದ ಭೂಸುಧಾರಣಾ ಕಾಯ್ದೆ ಅದಕ್ಕೆ ಅಡ್ಡ ಬರುತ್ತದೆ.

ಈಗಲೇ ಮಾರಬೇಡಿ. ಅವಸರದ ಮಾರಾಟಕ್ಕೆ ಒಳ್ಳೆಯ ಬೆಲೆ ಬರುವುದಿಲ್ಲ. ಹಾಗೆಂದು “ತೋಟ ಮಾತ್ರ ಮುಟ್ಟುವುದಿಲ್ಲ” ಎಂದು ಪ್ರತಿಜ್ಞೆಯನ್ನೂ ಮಾಡಬೇಡಿ. ಆ ತೋಟ ಅಮ್ಮನದು, ಅಮ್ಮನ ಆರೈಕೆಗೆ ಬೇಕಾದರೆ ಮೊದಲ ಹಕ್ಕು ಅವರದು. ಕೈಗೆಟುಕುವ 5 ಲಕ್ಷ ಕರಗುತ್ತಾ ಮುಂದಿನ ಒಂದು ವರ್ಷದ ಕೊರತೆಗೆ ಮಾತ್ರ ಸಾಲುವಷ್ಟಾದಾಗ ಮಾರಾಟದ ಕೆಲಸ ಶುರು ಮಾಡಬೇಕು ಎಂದು ಇಬ್ಬರೂ ಒಪ್ಪಿಕೊಳ್ಳಿ. ಒಂದು ವರ್ಷ ಏಕೆಂದರೆ ಪಹಣಿ, ಪೋಡಿ, ಹದ್ದುಬಸ್ತು, ದಾರಿಯ ತಕರಾರು ಎಲ್ಲ ಮುಗಿಯಲು ನಮ್ಮ ಕಡೆ ಅಷ್ಟು ಸಮಯ ಹಿಡಿಯುತ್ತದೆ. ಕಾಗದಪತ್ರ ಸರಿಯಿದೆಯೇ ಎಂದು ಈಗಲೇ ನೋಡಿಟ್ಟುಕೊಳ್ಳಿ.

ದಾನಪತ್ರದ ಬಗ್ಗೆ ನನ್ನ ಸಲಹೆ ಸ್ಪಷ್ಟ: ಬೇಡ. ನಿಮ್ಮ ತಮ್ಮನ ಮನಸ್ಸಿನ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಅವನ ಕೆಲಸ ಹೋಗಬಹುದು, ಸಾಲ ಮಾಡಿಕೊಳ್ಳಬಹುದು, ದೇವರು ಬೇಡವೆನ್ನಲಿ, ಅಮ್ಮನಿಗಿಂತ ಮೊದಲೇ ಅವನಿಗೇನಾದರೂ ಆಗಬಹುದು. ಆಗ ತೋಟ ಬೇರೆ ಕೈಗೆ ಹೋಗುತ್ತದೆ. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ಆ ದಾನವನ್ನು ರದ್ದು ಮಾಡಿಸಬಹುದು. ಆ ಷರತ್ತು ಇತ್ತೆಂಬುದು ಬಹಳ ಮುಖ್ಯ ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿತು. “ಪ್ರೀತಿ ವಿಶ್ವಾಸದಿಂದ” ಎಂದಷ್ಟೇ ಬರೆದ ದಾನಪತ್ರಗಳು ಹಿರಿಯರ ಕೈ ಕಟ್ಟಿಹಾಕಿದ್ದನ್ನು ಕಂಡಿದ್ದೇನೆ. ಅಮ್ಮನ ಕಾಲಾನಂತರ ತೋಟ ಯಾರಿಗೆ ಎಂಬುದನ್ನು ಅವರು ವಿಲ್ ಮಾಡಿ ತಿಳಿಸಲಿ, ಬದುಕಿರುವಾಗ ತೋಟ ಅವರ ಹೆಸರಿನಲ್ಲೇ ಇರಲಿ. ಅದೇ ಕಾಯ್ದೆಯಡಿ ಜೀವನಾಂಶದ ದೂರು ಕೇಳುವ ನ್ಯಾಯಮಂಡಳಿ ಉಪವಿಭಾಗಾಧಿಕಾರಿಗಳದ್ದು, ನಿಮ್ಮ ತಾಲೂಕಿಗೆ ಸಾಗರದಲ್ಲಿ. ನಿಮಗೆ ಅದರ ಅಗತ್ಯ ಬಾರದಿರಲಿ.

ಊರಿಗೆ ಕರೆತರುವುದು ಅಗ್ಗ ಎಂಬ ಮಾತನ್ನು ಲೆಕ್ಕ ಹಾಕದೆ ನಂಬಬೇಡಿ. ಕೊಠಡಿಯ ಬಾಡಿಗೆ ಉಳಿಯುತ್ತದೆ, ನಿಜ. ಆದರೆ ಮನೆಯಲ್ಲಿ ಉಳಿದುಕೊಳ್ಳುವ ಸಹಾಯಕಿಗೆ ಸಂಬಳ, ಊಟ, ಅವರು ರಜೆ ಹೋದಾಗ ನೀವು. ಹಳೆಯ ಮಲೆನಾಡ ಮನೆಯಲ್ಲಿ ಎತ್ತರದ ಹೊಸಿಲು, ಹಿತ್ತಲ ಕಡೆಗೆ ಬಚ್ಚಲು, ಹಂಡೆಯ ಪಕ್ಕ ಸದಾ ಒದ್ದೆಯಾಗಿರುವ ಕಲ್ಲುಹಾಸು. ವಾಕರ್ ಹಿಡಿದವರಿಗೆ ಅದು ಅಪಾಯದ ಜಾಗ. ಒಂದು ಕೋಣೆಗೆ ತಾಗಿಕೊಂಡು ಹಿಡಿಕೆಯಿರುವ ಶೌಚಾಲಯ ಕಟ್ಟಿಸದೆ ಕರೆತರಲೇಬಾರದು. ಜುಲೈನಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಾಗ, ರಾತ್ರಿ ಉಸಿರು ಕಟ್ಟಿದರೆ ಶಿವಮೊಗ್ಗ ಅಥವಾ ಮಣಿಪಾಲಕ್ಕೆ ಎಷ್ಟು ಹೊತ್ತಾಗುತ್ತದೆ ಎಂಬುದನ್ನೂ ಯೋಚಿಸಿ. ಇಷ್ಟಿದ್ದರೂ ಮನೆಯಲ್ಲಿ ಗಟ್ಟಿ ಆಳು, ನಂಬುವ ಸಹಾಯಕಿ, ಹತ್ತಿರ ವೈದ್ಯರು ಇದ್ದು ಅಮ್ಮನಿಗೂ ಅದೇ ಆಸೆಯಿದ್ದರೆ ಕರೆತನ್ನಿ, ತಪ್ಪಿಲ್ಲ. ಖರ್ಚು ಉಳಿಸಲೆಂದು ಮಾತ್ರ ಬೇಡ. ಆ ಉಳಿತಾಯಕ್ಕೆ ಬಹುಪಾಲು ಬೆಲೆ ತೆರುವುದು ಮಗಳು ಅಥವಾ ಸೊಸೆ, ಅದು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ನಡುವೆ ಇನ್ನೊಂದು ದಾರಿಯಿದೆ: ನಿವಾಸದಲ್ಲೇ ಇದ್ದು, ಏಜೆನ್ಸಿಯಿಂದ ಹಗಲಿನ ಸಹಾಯಕಿಯನ್ನು ನೀವೇ ಇಟ್ಟುಕೊಳ್ಳುವುದು. ಕೆಲವೊಮ್ಮೆ ಅಗ್ಗ. ಆದರೆ ಆಕೆಯ ಕೈಯಲ್ಲಿ ಅಮ್ಮ ಬಿದ್ದರೆ ಹೊಣೆ ಯಾರದು ಎಂಬ ಜಗಳ ಶುರುವಾಗುತ್ತದೆ. ನಿವಾಸದವರು ಬರಹದಲ್ಲಿ ಒಪ್ಪಿದರೆ ಮಾತ್ರ ಮಾಡಿ. ಟ್ರಸ್ಟ್‌ಗಳು ನಡೆಸುವ ವೃದ್ಧಾಶ್ರಮಗಳ ದರ ಕಡಿಮೆ ಇರುತ್ತದೆ, ಅವುಗಳಲ್ಲಿ ಹಲವು ಹಾಸಿಗೆ ಹಿಡಿದವರನ್ನು ಸೇರಿಸಿಕೊಳ್ಳುವುದಿಲ್ಲ. ಸ್ಥಳ ಬದಲಿಸುವ ಮೊದಲು ಅದನ್ನೇ ಕೇಳಿ.

ಈಗ ಆರಂಭದಲ್ಲಿ ಹೇಳಿದ ಮಾತಿಗೆ ಬರುತ್ತೇನೆ. ಅಮ್ಮ ಪೂರ್ತಿ ಹಾಸಿಗೆ ಹಿಡಿದರೆ, ಅಥವಾ ಮರೆವಿನ ಕಾಯಿಲೆ ಶುರುವಾದರೆ ಈ ನಿವಾಸದ ದರ ಎಷ್ಟು? ಉದಾಹರಣೆಗೆ 60,000 ಎಂದರೆ, ಹೆಚ್ಚುವರಿ ಪಿಂಚಣಿ ಸೇರಿ ಆದಾಯ 38,000 ಇದ್ದರೂ ತಿಂಗಳಿಗೆ 22,000 ಕೊರತೆ. ಕೈಲಿರುವ 5 ಲಕ್ಷ ಎರಡು ವರ್ಷಕ್ಕೂ ಸಾಲದು. ಆದ್ದರಿಂದ ಅವರ ಜೊತೆ ಕೂತು, ಪ್ರತಿ ಹಂತದ ಆರೈಕೆಗೂ ಇವತ್ತಿನ ದರವನ್ನು ಬರಹದಲ್ಲಿ ಪಡೆಯಿರಿ. ಯಾವ ಹಂತ ಎಂದು ತೀರ್ಮಾನಿಸುವವರು ಯಾರು? ಮೀಯುವುದು, ಬಟ್ಟೆ, ಶೌಚ, ಎದ್ದು ಕೂರುವುದು, ಮಲಮೂತ್ರದ ಹಿಡಿತ, ಊಟ, ಈ ಆರನ್ನು ನೋಡಿ ಅಳೆಯುವ ಕ್ರಮ ವೈದ್ಯಲೋಕದಲ್ಲಿ 1960ರ ದಶಕದಿಂದಲೂ ಇದೆ. ಅದರ ಪ್ರಕಾರವೇ ಅಳೆಯಿರಿ, ಅಳೆಯುವಾಗ ನಮ್ಮಲ್ಲೊಬ್ಬರು ಇರುತ್ತೇವೆ ಎಂದು ಹೇಳಿ.

ಒಪ್ಪಂದ ಪತ್ರವನ್ನು ತೆಗೆದು ಓದಿ. “ಹಾಸಿಗೆ ಹಿಡಿದಲ್ಲಿ ಕುಟುಂಬದವರು ಕರೆದೊಯ್ಯತಕ್ಕದ್ದು” ಎಂಬ ಸಾಲು ಹಲವು ಒಪ್ಪಂದಗಳಲ್ಲಿ ಕೊನೆಯ ಪುಟದಲ್ಲಿ ಇರುತ್ತದೆ. ಇದ್ದರೆ ಎಷ್ಟು ದಿನದ ನೋಟಿಸ್ ಕೊಡುತ್ತಾರೆ? ಅಮ್ಮ ಆಸ್ಪತ್ರೆಯಲ್ಲಿದ್ದ ದಿನಗಳಿಗೆ ಪೂರ್ತಿ ದರ ಹಾಕಿದ್ದಾರಾ, ಊಟದ ಪಾಲು ಕಳೆದಿದ್ದಾರಾ? 3 ಲಕ್ಷದ ಠೇವಣಿಯಿಂದ ಏನೇನು ಮುರಿದುಕೊಳ್ಳುತ್ತಾರೆ, ಎಷ್ಟು ದಿನದಲ್ಲಿ ಹಿಂತಿರುಗಿಸುತ್ತಾರೆ? ನಿವಾಸ ಮುಚ್ಚಿದರೆ ಆ ಠೇವಣಿಗೆ ಯಾವ ಭದ್ರತೆಯೂ ಇರುವುದಿಲ್ಲ, ಆದ್ದರಿಂದ ಬಜೆಟ್ಟಿನಲ್ಲಿ ಅದನ್ನು ಆಸ್ತಿಯೆಂದು ಸೇರಿಸಬೇಡಿ. ಜಿಎಸ್‌ಟಿ ಸೇರಿದ ದರವೇ ಎಂದೂ ಕೇಳಿ. ಸರ್ಕಾರ ಅಥವಾ ನೋಂದಾಯಿತ ದತ್ತಿ ಸಂಸ್ಥೆ ನಡೆಸುವ ವೃದ್ಧಾಶ್ರಮದಲ್ಲಿ 60 ದಾಟಿದವರ ಊಟ, ವಸತಿ ಸೇರಿದ ಶುಲ್ಕಕ್ಕೆ ತಿಂಗಳಿಗೆ 25,000 ರೂ. ತನಕ ಜಿಎಸ್‌ಟಿ ಇಲ್ಲ. ಲಾಭಕ್ಕೆ ನಡೆಯುವ ನಿವಾಸಕ್ಕೆ ಆ ವಿನಾಯಿತಿ ಅನ್ವಯಿಸುವುದಿಲ್ಲ.

ಮಾತುಕತೆಯಲ್ಲಿ ಬಗೆಹರಿಯದಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಿ, ಅಥವಾ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ನನ್ನ ಅನುಭವದಲ್ಲಿ ಬಿಲ್ಲಿನ ಸಾಲು ಸಾಲು ಹಿಡಿದು ಸಮಾಧಾನದಿಂದ ಕೇಳಿದ ಕುಟುಂಬಕ್ಕೆ ಅಲ್ಲಿಯ ತನಕ ಹೋಗುವ ಸಂದರ್ಭ ಕಡಿಮೆ. ಸಿಬ್ಬಂದಿಯ ಮೇಲೆ ರೇಗಬೇಡಿ. ದರ ನಿಗದಿ ಮಾಡುವುದು ಅವರಲ್ಲ, ಅಮ್ಮನನ್ನು ಎತ್ತಿ ಕೂರಿಸುವವರು ಮಾತ್ರ ಅವರೇ.

ತೆರಿಗೆಯ ಒಂದು ಸಣ್ಣ ವಿಷಯ: ಅಮ್ಮನಿಗೆ ಆರೋಗ್ಯ ವಿಮೆ ಇಲ್ಲದಿದ್ದರೆ, ಹಳೆಯ ತೆರಿಗೆ ಪದ್ಧತಿಯಲ್ಲಿರುವ ಮಗ ಅಥವಾ ಮಗಳು ಅವರ ವೈದ್ಯಕೀಯ ವೆಚ್ಚಕ್ಕೆ ವರ್ಷಕ್ಕೆ 50,000 ರೂ. ತನಕ ಕಡಿತ ಪಡೆಯಬಹುದು. ನಗದಾಗಿ ಕೊಟ್ಟದ್ದು ಲೆಕ್ಕಕ್ಕೆ ಬರುವುದಿಲ್ಲ. ತಮ್ಮ ಆ ಪದ್ಧತಿಯಲ್ಲಿದ್ದರೆ ಔಷಧ, ಆಸ್ಪತ್ರೆಯ ಬಿಲ್ಲುಗಳನ್ನು ಅವನೇ ಬ್ಯಾಂಕ್ ಮೂಲಕ ಕಟ್ಟಲಿ.

ಕೊನೆಯ ಪ್ರಶ್ನೆ, ಅಮ್ಮನಿಗೆ ಹೇಳಬೇಕೋ ಬೇಡವೋ. ಹೇಳಬೇಕು. ಪಿಂಚಣಿ ಅವರದು, ಎಫ್‌ಡಿ ಅವರದು, ತೋಟ ಅವರದು. ಅವರ ಸಹಿ ಇಲ್ಲದೆ ಹಿರಿಯ ನಾಗರಿಕರ ಯೋಜನೆಯ ಖಾತೆ ತೆರೆಯಲೂ ಆಗುವುದಿಲ್ಲ. ಮನಸ್ಸು ಚುರುಕಾಗಿರುವಾಗಲೇ ನಾಮಿನಿ ಹಾಕಿಸಬೇಕು, ಕೈಗೆಟುಕುವ ಎಫ್‌ಡಿಗಳಿಗೆ ನಿಮ್ಮ ಹೆಸರು ಜಂಟಿಯಾಗಿ ಸೇರಿಸಿ ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯುವಂತೆ ಮಾಡಬೇಕು, ವಿಲ್ ಬರೆಯಬೇಕು. ಅಧಿಕಾರ ಪತ್ರ ಮಾಡಿಸಿಕೊಂಡರೆ ಸಾಕು ಎಂದುಕೊಳ್ಳಬೇಡಿ. ಬರೆದುಕೊಟ್ಟವರಿಗೆ ಬುದ್ಧಿ ಸ್ಥಿಮಿತ ಇಲ್ಲದಾದರೆ ಅದು ನಡೆಯುವುದಿಲ್ಲ. ಮೊತ್ತ ಕೇಳಿ ಅಮ್ಮ ನೊಂದುಕೊಳ್ಳಬಹುದು, “ನನ್ನನ್ನು ಊರಿಗೆ ಹಾಕಿಬಿಡಿ” ಅನ್ನಬಹುದು. ಆಗ ಕೊರತೆ 7,500 ಮಾತ್ರ, ಅದಕ್ಕೆ ದಾರಿ ಇದೆ ಎಂದು ಲೆಕ್ಕದ ಹಾಳೆ ತೋರಿಸಿ. ಬಚ್ಚಿಟ್ಟರೆ ಅವರು ಅದಕ್ಕಿಂತ ದೊಡ್ಡ ಮೊತ್ತ ಊಹಿಸಿಕೊಂಡು ಮಾತ್ರೆ, ಹಾಲು ಬೇಡವೆನ್ನಲು ಶುರು ಮಾಡುತ್ತಾರೆ. ನಿವಾಸಗಳಲ್ಲಿ ಹೀಗೆ ಸದ್ದಿಲ್ಲದೆ ಊಟ ಕಡಿಮೆ ಮಾಡಿಕೊಂಡ ತಾಯಂದಿರನ್ನು ನಾನು ನೋಡಿದ್ದೇನೆ.

ವ್ಯವಸ್ಥಾಪಕರ ಜೊತೆ ಮಾತಿಗೆ ಹೋಗುವ ದಿನ ತಮ್ಮನನ್ನೂ ಬರಹೇಳಿ, ಆಗದಿದ್ದರೆ ವಿಡಿಯೋ ಕರೆಯಲ್ಲಿ ಕೂರಿಸಿ. ಅಮ್ಮನೂ ಆ ಕೋಣೆಯಲ್ಲೇ ಇರಲಿ. ಒಪ್ಪಂದ ಪತ್ರ, ಡಿಸ್ಚಾರ್ಜ್ ಸಾರಾಂಶ, ಕಳೆದ ಮೂರು ತಿಂಗಳ ಬಿಲ್ ಜೊತೆಗಿಟ್ಟುಕೊಳ್ಳಿ. ಅವರು ಕೊಟ್ಟ ಹಂತವಾರು ದರಪಟ್ಟಿಯನ್ನು ಆಮೇಲೆ ನನಗೆ ಕಳಿಸಿದರೆ 90ರ ವಯಸ್ಸಿನ ತನಕದ ಲೆಕ್ಕವನ್ನು ಒಟ್ಟಿಗೆ ಹಾಕೋಣ.